ಕಣಕಾಲಿಗೆ ಕಟ್ಟುವ ಹೋಲ್‌ಸ್ಟರ್: ಲೆಕ್ಕ ಶುರುವಾಗುವುದು ಪ್ಯಾಂಟಿನಿಂದ

ಪರವಾನಗಿಯೊಂದಿಗೆ ಪಿಸ್ತೂಲನ್ನೋ ರಿವಾಲ್ವರನ್ನೋ ಬಟ್ಟೆಯ ಮರೆಯಲ್ಲಿ ಧರಿಸುವವರಲ್ಲಿ ಹೆಚ್ಚಿನವರು ಸೊಂಟದ ಹೋಲ್‌ಸ್ಟರನ್ನೇ, ಅಂದರೆ ಆಯುಧವನ್ನಿಡುವ ಒರೆಯನ್ನೇ, ನೆಚ್ಚಿಕೊಂಡಿರುತ್ತಾರೆ, ನಾನೂ ಬಹುಕಾಲ ಹಾಗೆಯೇ ಇದ್ದೆ. ಕೆಲಸದ ಸ್ವರೂಪ ಬದಲಾಗಿ ದಿನದ ಬಹುಪಾಲು ಕಾರಿನಲ್ಲಿ, ಸೀಟ್ ಬೆಲ್ಟಿನೊಳಗೆ ಕುಳಿತೇ ಕಳೆಯಬೇಕಾಗಿ ಬಂದ ಮೇಲೆ, ಸೊಂಟದಲ್ಲಿದ್ದದ್ದು ಪಕ್ಕೆಗೆ ಒತ್ತುವುದಲ್ಲದೆ ಬೆಲ್ಟಿನ ಅಡಿಯಿಂದ ಕೈಗೆ ಸಿಗುವುದೇ ಇಲ್ಲ ಎಂಬುದು ಅರಿವಿಗೆ ಬಂತು. ಕಣಕಾಲಿನ ಹೋಲ್‌ಸ್ಟರ್ ನನ್ನ ಪಾಲಿಗೆ ಬಂದದ್ದು ಹೀಗೆ. ಇದು ಹೆಚ್ಚು ಹೊತ್ತು ಕುಳಿತಿರುವವರಿಗೆ ಒದಗುವ ಸಾಧನ. ನಿಂತು ಓಡಾಡುವವರಿಗೆ ಸೊಂಟವೇ ಮೇಲು. ಅನೇಕರು ಇದರಲ್ಲಿ ಎರಡನೆಯ ಆಯುಧವನ್ನು ಮಾತ್ರ ಇಡುತ್ತಾರೆ, ಅದು ವಿವೇಕದ ಮಾತೇ.

ಹೋಲ್‌ಸ್ಟರ್ ಕೊಳ್ಳುವ ಮೊದಲು ನೋಡಬೇಕಾದದ್ದು ಪ್ಯಾಂಟಿನ ಕಾಲಿನ ಅಂಚನ್ನು. ಮೀನಖಂಡಕ್ಕೆ ಅಂಟಿಕೊಳ್ಳುವ ಬಿಗಿ ಪ್ಯಾಂಟಿನೊಳಗೆ ಎಷ್ಟೇ ಚಿಕ್ಕ ಆಯುಧವೂ ಬಾವು ಬಂದಂತೆ ಉಬ್ಬಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ತುರ್ತಿನಲ್ಲಿ ಆ ಬಟ್ಟೆ ಮೇಲಕ್ಕೆ ಸರಿಯುವುದೇ ಇಲ್ಲ. ನೇರ ಇಳಿತದ ಅಥವಾ ಕೆಳಗೆ ತುಸು ಅಗಲವಾಗುವ ಬೂಟ್‌ಕಟ್ ಪ್ಯಾಂಟು ಬೇಕು. ನಿಂತಾಗ ಎಲ್ಲವನ್ನೂ ಮುಚ್ಚುವ ಪ್ಯಾಂಟು ಕುಳಿತಾಗ ನಾಲ್ಕು ಬೆರಳು ಮೇಲೇರುವುದರಿಂದ, ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಎದ್ದು, ಬಗ್ಗಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ನನ್ನ ನಾಲ್ಕು ಪ್ಯಾಂಟುಗಳಲ್ಲಿ ಎರಡರ ಮಡಿಕೆಯನ್ನು ಬಿಚ್ಚಿಸಿ ಒಂದು ಇಂಚು ಉದ್ದ ಮಾಡಿಸಬೇಕಾಯಿತು. ಕಾಲಿನ ಮೇಲೆ ಕಾಲು ಹಾಕಿ ಕೂರುವ ಹಳೆಯ ಚಾಳಿಯನ್ನು ಬಿಡುವುದು ಮಾತ್ರ ಇದಕ್ಕಿಂತ ಕಷ್ಟವಾಯಿತು.

ತೂಕದ ವಿಷಯದಲ್ಲಿ ಕಾಲು ಸೊಂಟದಷ್ಟು ಉದಾರಿಯಲ್ಲ. ಬೆಲ್ಟು ಹೊರುವ ಭಾರ ಇಡೀ ಸೊಂಟಕ್ಕೆ ಹಂಚಿಹೋದರೆ, ಕಾಲಿನ ತುದಿಗೆ ಕಟ್ಟಿದ ಭಾರವನ್ನು ಪ್ರತಿ ಹೆಜ್ಜೆಯಲ್ಲೂ ಎತ್ತಿ ಬೀಸಬೇಕಾಗುತ್ತದೆ. ಆದ್ದರಿಂದಲೇ ಇಲ್ಲಿ ಐದು ಗುಂಡುಗಳ ಪುಟ್ಟ ರಿವಾಲ್ವರುಗಳಿಗೆ ಬೇಡಿಕೆ. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1950ರಲ್ಲಿ ತಂದ, ಪುಟ್ಟ ಚೌಕಟ್ಟಿನ ಜೆ-ಫ್ರೇಮ್ ರಿವಾಲ್ವರುಗಳ ವಂಶದ 642 ಮಾದರಿ, ಅಲ್ಯೂಮಿನಿಯಂ ಮಿಶ್ರಲೋಹದ ಚೌಕಟ್ಟಿನ ಕಾರಣ, ಗುಂಡುಗಳಿಲ್ಲದೆ ಸುಮಾರು 415 ಗ್ರಾಂ ತೂಗುತ್ತದೆ. ಗುಂಡು ಸಿಡಿಸಲು ಬಡಿಯುವ ಹ್ಯಾಮರ್ ಒಳಗೇ ಅಡಗಿರುವುದರಿಂದ ಬಟ್ಟೆಗೆ ತೊಡರುವುದಿಲ್ಲ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಪಿಸ್ತೂಲು 300 ಗ್ರಾಂಗೂ ಕಡಿಮೆ, ಆದರೆ ಅದರ ಗಿಡ್ಡ ಹಿಡಿ ನನ್ನ ಕೈಗೆ ಒಗ್ಗಲಿಲ್ಲ. ನನ್ನದು 642. ಮೊದಲ ವಾರ ಎಡಗಾಲಿನಲ್ಲಿ ಕ್ಲಚ್ ಒತ್ತುವಾಗಲೆಲ್ಲ ಅದರ ಇರವು ಗೊತ್ತಾಗುತ್ತಿತ್ತು; ಮೂರನೆಯ ವಾರದ ಹೊತ್ತಿಗೆ, ಬಿಚ್ಚಿಟ್ಟಾಗಲೇ ಆ ಕಾಲು ಏಕೋ ಹಗುರವೆನಿಸತೊಡಗಿತು.

ನಾನು ಮೊದಲು ಕೊಂಡದ್ದು ಅಗ್ಗದ ಇಲಾಸ್ಟಿಕ್ ಪಟ್ಟಿಯ ಹೋಲ್‌ಸ್ಟರ್. ಎರಡು ತಿಂಗಳ ನಂತರ ಒಂದು ದಿನ, ಜನರಿದ್ದ ಮೆಟ್ಟಿಲೊಂದನ್ನು ಹತ್ತುತ್ತಿರುವಾಗ ಪರ್‍ರನೆ ಸದ್ದಾಗಿ, ಇಡೀ ಸರಂಜಾಮು ಜಾರಿ ಬೂಟಿನ ಮೇಲೆ ಕುಳಿತುಬಿಟ್ಟಿತು. ಲೇಸು ಕಟ್ಟುವವನಂತೆ ಬಗ್ಗಿ, ಪ್ಯಾಂಟಿನ ಮೇಲಿಂದಲೇ ಅದನ್ನು ಒತ್ತಿ ಹಿಡಿದು, ಕುಂಟುತ್ತಾ ಶೌಚಾಲಯ ಸೇರಿಕೊಂಡೆ. ಬಿಚ್ಚಿ ನೋಡಿದರೆ ವೆಲ್ಕ್ರೋದ ಕೊಕ್ಕೆಗಳ ತುಂಬ ಕಾಲುಚೀಲದ ಎಳೆಗಳು ಹತ್ತಿಯಂತೆ ಮೆತ್ತಿಕೊಂಡಿದ್ದವು. ಹಿಡಿಯ ಮೇಲಿನ ಗುಂಡಿಪಟ್ಟಿ ಹಾಕಿದ್ದರಿಂದ ರಿವಾಲ್ವರ್ ಮಾತ್ರ ಹೊರಬಿದ್ದಿರಲಿಲ್ಲ. ಅಂದಿನಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ವಾರಕ್ಕೊಮ್ಮೆ ವೆಲ್ಕ್ರೋವನ್ನು ಬಾಚುತ್ತೇನೆ. ಈಗಿನ ಹೋಲ್‌ಸ್ಟರ್ ಚರ್ಮದ್ದು, ಒಳಮೈಗೆ ಕುರಿಯ ತುಪ್ಪಳದ ಮೆತ್ತೆಯಿದೆ. ಮೀನಖಂಡದ ಮೇಲ್ಭಾಗಕ್ಕೆ ಸುತ್ತುವ ಇನ್ನೊಂದು ಪಟ್ಟಿ ಅದನ್ನು ಮೇಲಿನಿಂದ ತೂಗುಹಾಕಿರುವುದರಿಂದ, ಜಾರದಿರಲೆಂದು ಕೆಳಪಟ್ಟಿಯನ್ನು ರಕ್ತ ಕಟ್ಟುವಷ್ಟು ಬಿಗಿಯುವ ಅಗತ್ಯ ಬೀಳುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚದ, ಬೆರಳು ಒತ್ತಿದರೆ ಬಾಗಿ ಟ್ರಿಗರಿಗೆ ತಗಲುವ ಮೆತ್ತನೆಯ ಹೋಲ್‌ಸ್ಟರನ್ನು ಯಾವ ಬೆಲೆಗೂ ಕೊಳ್ಳಬಾರದು. ಖಾಲಿ ಮಾಡಿದ ಆಯುಧವನ್ನು ಅದರಲ್ಲಿಟ್ಟು, ತಲೆಕೆಳಗು ಮಾಡಿ, ಹಾಸಿಗೆಯ ಮೇಲೆ ಹಿಡಿದು ಜೋರಾಗಿ ಅಲುಗಿಸಿ ನೋಡುವುದು ನಾನು ನಂಬುವ ಪರೀಕ್ಷೆ.

ಬಲಗೈಯವರು ಇದನ್ನು ಎಡಗಾಲಿನ ಒಳಮಗ್ಗುಲಿಗೆ, ಗಂಟಿನ ಮೂಳೆಗಿಂತ ಮೇಲೆ, ಉದ್ದನೆಯ ಕಾಲುಚೀಲದ ಮೇಲೆ ಕಟ್ಟಬೇಕು. ಬರಿ ಚರ್ಮಕ್ಕೆ ಕಟ್ಟಿದರೆ ಸಂಜೆಯ ಹೊತ್ತಿಗೆ ಗುಳ್ಳೆ ಏಳುವುದು ಖಂಡಿತ. ಹೊರತೆಗೆಯುವಾಗ ಎಡಗಾಲನ್ನು ಮುಂದಿಟ್ಟು, ಬಲಮೊಣಕಾಲನ್ನು ನೆಲಕ್ಕೂರಿ, ಎಡಗೈಯಿಂದ ಮೊಣಕಾಲಿನ ಬಳಿಯ ಬಟ್ಟೆಯನ್ನು ಹಿಡಿದು ಒಂದೇ ಬಾರಿಗೆ ಮೇಲಕ್ಕೆಳೆದ ನಂತರವೇ ಬಲಗೈ ಹಿಡಿಯ ಕಡೆಗೆ ಹೋಗಬೇಕು. ಎಷ್ಟೇ ಪಳಗಿದರೂ ಇದು ಸೊಂಟದಿಂದ ತೆಗೆಯುವುದಕ್ಕಿಂತ ನಿಧಾನ, ಜೊತೆಗೆ ಮಂಡಿಯೂರಿದವನು ಓಡಲಾರ. ಈ ಎರಡನ್ನೂ ಒಪ್ಪಿಕೊಂಡೇ ಮುಂದುವರಿಯಬೇಕು. ನಳಿಗೆ ಇನ್ನೊಂದು ಕಾಲಿನ ಪಕ್ಕದಲ್ಲೇ ಹಾದುಹೋಗುವುದರಿಂದ, ಗುರಿಯ ಕಡೆ ತಿರುಗುವವರೆಗೆ ಬೆರಳು ಟ್ರಿಗರಿನಿಂದ ಹೊರಗೇ ಇರಬೇಕು. ನಾನು ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗುಂಡು ತುಂಬುವ ಸಿಲಿಂಡರನ್ನು ಎರಡು ಸಲ ತೆರೆದು ನೋಡಿ, ಕುರ್ಚಿಯಲ್ಲಿ ಕುಳಿತೂ ನಿಂತೂ ದಿನಕ್ಕೆ ಹತ್ತು ಬಾರಿ ಅಭ್ಯಾಸ ಮಾಡುತ್ತೇನೆ. ಮರಳಿ ಇಡುವುದಕ್ಕೆ ಮಾತ್ರ ಅವಸರವೇ ಕೂಡದು, ಪ್ಯಾಂಟಿನ ಅಂಚು ಒಳಗೆ ಸಿಕ್ಕಿಲ್ಲವೆಂದು ಕಣ್ಣಿನಿಂದ ಕಂಡ ಮೇಲೆಯೇ ಆ ಕೆಲಸ.

ನೆಲಕ್ಕೆ ಇಷ್ಟು ಹತ್ತಿರವಿರುವ ಆಯುಧ ದಿನವಿಡೀ ದೂಳು ಕುಡಿಯುತ್ತದೆ. ಬೆವರಿನ ತೇವ ಚರ್ಮದಲ್ಲಿ ಇಂಗಿ, ಲೋಹಕ್ಕೆ ತುಕ್ಕು ತರುತ್ತದೆ. ಹಾಗಾಗಿ ರಾತ್ರಿ ಬಿಚ್ಚಿದ ಕೂಡಲೇ ರಿವಾಲ್ವರನ್ನು ಖಾಲಿ ಮಾಡಿ, ತೆಳುವಾಗಿ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರೆಸಿ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಹೋಲ್‌ಸ್ಟರ್ ಬೆಳಗಿನವರೆಗೆ ಗಾಳಿಗೆ ಬೇರೆಯಾಗಿ ನೇತಾಡುತ್ತದೆ. ನಿನ್ನೆ ಒರೆಸಿದಾಗ ನಳಿಗೆಯ ಬಾಯಲ್ಲಿ ನನ್ನ ಬೂದು ಕಾಲುಚೀಲದ ಒಂದು ಎಳೆ ಸುರುಳಿ ಸುತ್ತಿಕೊಂಡಿತ್ತು.