ಸಾಂಚೋ ಕೈ ಎತ್ತಿದ, 6 ಮಿ.ಮೀ. ತಡವಾಗಿ

ಕೊನೆಗೂ ಆಯಿತು. ಸರ್ವಾಂಟಿಸ್‌ನ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಹುಚ್ಚು ವೀರ, ಅವನ ಸೇವಕ ಸಾಂಚೋ ಇಬ್ಬರನ್ನೂ ಹಿಡಿಕೆ ತಿರುಗಿಸಿದರೆ ಆಡುವ ಮರದ ಗೊಂಬೆ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ಕರೆಂಟು ಹೋಗಿದ್ದ ಹೊತ್ತಲ್ಲಿ, ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಹಿಡಿಕೆ ತಿರುಗಿಸಿದೆ. ಡಾನ್ ಕ್ವಿಕ್ಸೋಟ್ ಈಟಿ ಎತ್ತಿದ, ಮುಂದಕ್ಕೆ ಬಾಗಿದ. ಆಮೇಲೆ, ಆಮೇಲೆಯೇ, ಸಾಂಚೋನ ಕೈ ಮೇಲೆದ್ದಿತು. ಕುಮಟೆಯ ಮಳೆಯಲ್ಲಿ ನನ್ನ ಕೂಗು ಯಾರಿಗೂ ಕೇಳಿರಲಿಕ್ಕಿಲ್ಲ.

ಗೊಂಬೆ ಕೆತ್ತಿದ್ದು, ಬಣ್ಣ ಹಚ್ಚಿದ್ದು, ಗಾಳಿಯಂತ್ರಕ್ಕೆ ನಾಲ್ಕು ರೆಕ್ಕೆ ಕೂಡಿಸಿದ್ದು ಎಲ್ಲ ನೀವೂ ಮಾಡುವ ಕೆಲಸವೇ, ಬಿಡಿ. ಈಟಿ ಮಾತ್ರ ಹಿಡಿಕಡ್ಡಿಯದು. ಇದುವರೆಗೆ ಹನ್ನೊಂದು ಮುರಿದಿವೆ. ಕಾದಂಬರಿಯಲ್ಲೂ ಅದು ಮುರಿಯುವುದೇ, ಹಾಗಾಗಿ ಬೇಸರವಿಲ್ಲ.

ಬೇಸರ ಬಂದಿದ್ದು ಮೊದಲ ಮಾದರಿಯಿಂದ. ಒಂದೇ ಶಾಫ್ಟಿನ ಮೇಲೆ ಎರಡು ಕ್ಯಾಮ್ (ತಿರುಗುತ್ತಾ ಗೊಂಬೆಯನ್ನು ಮೇಲೆತ್ತುವ ಓರೆ ಬಿಲ್ಲೆ): ಒಂದು ಕ್ವಿಕ್ಸೋಟ್‌ಗೆ, ಒಂದು ಸಾಂಚೋಗೆ. ಉದ್ದ ಬಡಕಲು ದೇಹ ಒಂದು ಕಡೆ, ಗಿಡ್ಡ ಡೊಳ್ಳುಹೊಟ್ಟೆ ಇನ್ನೊಂದು ಕಡೆ, ನೋಡಲು ಚೆಂದವೇ. ಆದರೆ ಹಿಡಿಕೆ ತಿರುಗಿಸಿದರೆ ಪಕ್ಕಪಕ್ಕ ಇಟ್ಟ ಎರಡು ಆಟಿಕೆ, ಅಷ್ಟೆ. ಆಯಿ ಬಂದು ಎರಡು ಸುತ್ತು ತಿರುಗಿಸಿ, "ಇಬ್ರೂ ಮಾತು ಬಿಟ್ಟಿದ್ವನಾ ಮಾಣಿ?" ಅಂದು ಒಳಗೆ ಹೋದಳು. ಮೂರು ವಾರದ ಕೆಲಸಕ್ಕೆ ಒಂದು ಸಾಲಿನ ವಿಮರ್ಶೆ!

ಸಿಟ್ಟಿಗೆ ಪುಸ್ತಕವನ್ನೇ ತೆಗೆದು ಕೂತೆ. 1605ರ ಮೊದಲ ಭಾಗದಲ್ಲಿ ಕ್ವಿಕ್ಸೋಟ್ ಮೊದಲ ಸಲ ಹೊರಡುವುದು ಒಬ್ಬನೇ. ಛತ್ರದ ಯಜಮಾನನಿಂದ ವೀರನ ಪದವಿ ಗಿಟ್ಟಿಸಿಕೊಳ್ಳುತ್ತಾನೆ, ಏಟು ತಿನ್ನುತ್ತಾನೆ, ಊರಿನವನೊಬ್ಬ ಕತ್ತೆ ಮೇಲೆ ಹಾಕಿಕೊಂಡು ಮನೆಗೆ ತರುತ್ತಾನೆ. ಐದು ಅಧ್ಯಾಯಕ್ಕೆ ಕತೆ ಮನೆ ಬಾಗಿಲಿಗೆ ವಾಪಸ್. ಹುಚ್ಚ ಒಬ್ಬನೇ ಇದ್ದರೆ ಅಷ್ಟೇ ಓಡುವುದು. ಏಳನೇ ಅಧ್ಯಾಯದಲ್ಲಿ ದ್ವೀಪದ ಆಸೆಗೆ ಸಾಂಚೋ ಜೊತೆಯಾಗುತ್ತಾನೆ, ಎಂಟರಲ್ಲಿ ಗಾಳಿಯಂತ್ರ. ಕ್ವಿಕ್ಸೋಟ್ ರಾಕ್ಷಸರು ಅನ್ನುತ್ತಾನೆ, ಸಾಂಚೋ ಯಾವ ರಾಕ್ಷಸರು ಅಂತ ಕೇಳುತ್ತಾನೆ. ಅಷ್ಟರಲ್ಲಿ ಒಡೆಯ ನುಗ್ಗಿ ಬಿದ್ದಾಗಿದೆ, ಸಾಂಚೋ ಎತ್ತಲು ಕತ್ತೆ ಓಡಿಸಿಕೊಂಡು ಬರಬೇಕು. ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜವೇಷ ಏರು ದನಿಯಲ್ಲಿ ಅಪ್ಪಣೆ ಕೊಡಿಸಿದ ಮೇಲೆ ಹಾಸ್ಯಗಾರ ಒಂದು ಗಳಿಗೆ ಸುಮ್ಮನಿದ್ದು "ಅಂದ್ರೆ ಎಂತದು ಒಡೆಯಾ?" ಅನ್ನುತ್ತಾನಲ್ಲ, ಆ ಒಂದು ಗಳಿಗೆ. ನನ್ನ ಪೆಟ್ಟಿಗೆಯಲ್ಲಿ ಇಲ್ಲದಿದ್ದದ್ದು ಅದೇ.

ಕ್ಯಾಮ್ ಎರಡನ್ನೂ ಕಿತ್ತೆ. ಬಲಗಡೆ ಹಿಡಿಕೆಗೆ ಒಂದು ಚಕ್ರ, ಅದರಿಂದ ಕ್ವಿಕ್ಸೋಟ್‌ನ ಲಿವರ್‌ಗೆ ರಾಡು. ಸಾಂಚೋನ ಲಿವರ್‌ಗೆ ಚಾಲನೆ ಶಾಫ್ಟಿನಿಂದಲ್ಲ, ಕ್ವಿಕ್ಸೋಟ್‌ನಿಂದಲೇ. ಗಟ್ಟಿಯಾಗಿ ಜೋಡಿಸಿದಾಗ ಇಬ್ಬರೂ ಒಟ್ಟಿಗೆ ಎದ್ದು ಬಿದ್ದರು. ಜಗಳವೇ ಇಲ್ಲ, ಭಜನೆ ಮಂಡಳಿ. ಇಬ್ಬರನ್ನೂ ಜೋಡಿಸುವ ಪಿನ್ನು ಆಡಲು ಸ್ಲಾಟ್ (ಉದ್ದ ತೂತು) ಕೊರೆದೆ. 2 ಮಿ.ಮೀ. ಆಟ ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. 10 ಕೊಟ್ಟರೆ ಒಡೆಯ ನೆಲಕಚ್ಚಿದ ಮೇಲೆ ಸಾಂಚೋಗೆ ಎಚ್ಚರ. 6ಕ್ಕೆ ಸರಿಹೋಯಿತು.

ಹೋಗಬೇಕಿತ್ತು, ಆದರೆ ನಡುವೆ ಮರ. ಘಟ್ಟದ ಮೇಲಿನ ಸಾ ಮಿಲ್ಲಿನವ "ಎರಡು ವರ್ಷ ಒಣಗಿದ್ದು, ಕಣ್ಣು ಮುಚ್ಚಿ ತಗಳಿ" ಅಂದಿದ್ದ ಹಲಸು. ಕಣ್ಣು ಮುಚ್ಚಿದ್ದೇ ತಪ್ಪು. ದೇವಿಮನೆ ಘಟ್ಟ ಇಳಿದು ನಮ್ಮ ಆಷಾಢದ ಗಾಳಿ ಕುಡಿದಿದ್ದೇ ತಡ, ಸ್ಲಾಟ್ ಉಬ್ಬಿ ಪಿನ್ನನ್ನು ಕಚ್ಚಿ ಹಿಡಿಯಿತು. ಎಣ್ಣೆ ಹಾಕಿದರೆ ಇನ್ನೂ ಅಂಟು. ಕೊನೆಗೆ ಶಿರಸಿಯ ಭಾವ ಕೊಟ್ಟ ಜೇನುಮೇಣ ತಿಕ್ಕಿ, ಸ್ಲಾಟಿನ ಒಳಗೆ ಹಿತ್ತಾಳೆ ತಗಡು ಮಡಚಿ ಕೂರಿಸಿದೆ. ಹಿತ್ತಾಳೆಯದು ಬೇರೆ ಪುರಾಣ. 4 ಮಿ.ಮೀ. ಸರಳು ಅಂತ ಆನ್‌ಲೈನಲ್ಲಿ ತರಿಸಿದ್ದು ಕ್ಯಾಲಿಪರ್‌ಗೆ 3.7 ತೋರಿಸಿತು. ದೂರು ಕೊಟ್ಟರೆ "ಗ್ರಾಹಕರೇ, ಫೋಟೋ ಕಳಿಸಿ". 0.3 ಮಿ.ಮೀ. ಕೊರತೆಯ ಫೋಟೋ ಹೇಗೆ ತೆಗೆಯುವುದು ಮಾರಾಯ್ರೆ?

(ಪಿನ್ನು ಉಜ್ಜುತ್ತಾ ಹೊಳೆದದ್ದು: ಮುಂದಿನ ಪೆಟ್ಟಿಗೆ 1862ರ ವಿಕ್ಟರ್ ಹ್ಯೂಗೋ ಕಾದಂಬರಿ 'ಲೆ ಮಿಸೆರಾಬ್ಲ್'. ರೊಟ್ಟಿ ಕದ್ದು 19 ವರ್ಷ ಸೆರೆಯಲ್ಲಿ ಕಳೆದ ಜೀನ್ ವಾಲ್ಜೀನ್, ಅವನ ಬೆನ್ನು ಬಿಡದ ಪೊಲೀಸ್ ಜಾವೆರ್. ಜಾವೆರ್ ಅಂದರೆ ಸಾಕ್ಷಾತ್ ರಾಚೆಟ್, ಹಿಂದಕ್ಕೆ ತಿರುಗದ ಹಲ್ಲಿನ ಚಕ್ರ, ಒಂದೇ ದಿಕ್ಕಿಗೆ ಟಕ್ ಟಕ್. ಒಮ್ಮೆ ಹಿಂದಕ್ಕೆ ತಿರುಗಿ ವಾಲ್ಜೀನ್‌ನನ್ನು ಹೋಗಲು ಬಿಡುತ್ತಾನೆ, ಆಮೇಲೆ ಸೀನ್ ನದಿಗೆ ಹಾರುತ್ತಾನೆ. ಹಲ್ಲು ಹಿಂದಕ್ಕೆ ಜಾರಿದ ಕೂಡಲೇ ಗೊಂಬೆ ಕೆಳಗೆ ಬೀಳಬೇಕು. ಚಿತ್ರ ಬರೆದಾಗಿದೆ. ಆಯಿಗೆ ಹೇಳಿಲ್ಲ.)

ಈಗ ಉಳಿದಿರುವುದು 1615ರ ಎರಡನೇ ಭಾಗ. ಅಲ್ಲಿ ಹತ್ತನೇ ಅಧ್ಯಾಯಕ್ಕೆ ಆಟವೇ ತಿರುಗುಮುರುಗು. ಕತ್ತೆ ಮೇಲೆ ಬರುವ ಮೂವರು ಹಳ್ಳಿ ಹೆಂಗಸರನ್ನು ತೋರಿಸಿ, ಇಗೋ ನಿಮ್ಮ ರಾಜಕುಮಾರಿ ಡಲ್ಸಿನಿಯಾ ಅಂತ ಬುರುಡೆ ಬಿಡುವವನು ಸಾಂಚೋ. ಹಳ್ಳಿ ಹೆಂಗಸರಷ್ಟೇ ಕಾಣುತ್ತಾರಲ್ಲ ಅನ್ನುವವನು ಕ್ವಿಕ್ಸೋಟ್. ಆ ಒಂದು ಸುಳ್ಳು ಪುಸ್ತಕದ ಕೊನೆಯವರೆಗೆ ಇಬ್ಬರನ್ನೂ ಅಲೆಸುತ್ತದೆ. ಅಂದರೆ ನನ್ನ ಪೆಟ್ಟಿಗೆಯಲ್ಲಿ ಸಾಂಚೋ ಮೊದಲು ಅಲ್ಲಾಡಿ, ಕ್ವಿಕ್ಸೋಟ್ 6 ಮಿ.ಮೀ. ಹಿಂದೆ ಬರಬೇಕು. ಕ್ಯಾಮ್ ಇದ್ದಿದ್ದರೆ ಆಗುತ್ತಲೇ ಇರಲಿಲ್ಲ. ಲಿವರು-ರಾಡಿಗೆ ಎರಡು ಕಡೆಯಿಂದಲೂ ನಡೆ. ಎಡಗಡೆ, ಸಾಂಚೋನ ಲಿವರ್‌ಗೆ, ಹಿಂದೆಮುಂದೆ ಎಳೆಯುವ ಹಿಡಿ ಹಾಕಿದೆ.

ಅರ್ಧ ಸುತ್ತು ಬೆಣ್ಣೆಯ ಹಾಗೆ ಬಂತು. ಆಮೇಲೆ ರಾಡು, ಚಕ್ರ ಒಂದೇ ಗೆರೆಗೆ ಬಂದು ಡೆಡ್ ಸೆಂಟರಿನಲ್ಲಿ, ಎಷ್ಟು ನೂಕಿದರೂ ಚಕ್ರ ತಿರುಗದ ಜಾಗದಲ್ಲಿ, ನಿಂತುಬಿಟ್ಟಿತು. ಹೊಲಿಗೆ ಮಷಿನ್ ತುಳಿಯುವಾಗ ಸಿಕ್ಕಿಕೊಂಡು, ಮೇಲಿನ ಚಕ್ರವನ್ನು ಕೈಯಲ್ಲಿ ನೂಕಿಕೊಡುತ್ತಾರಲ್ಲ, ಅದೇ ರೋಗ. ಮದ್ದೂ ಅಲ್ಲೇ ಇದೆ: ಶಾಫ್ಟಿಗೆ ಭಾರದ ಒಂದು ಚಕ್ರ. ಆಯಿಯ ಮಷಿನ್ನಿನ ಎರಕದ ಚಕ್ರ ಅಳತೆ ಮಾಡಿದೆ, ಪೆಟ್ಟಿಗೆಯ ಹಿಂದೆ ಸರಿಯಾಗಿ ಕೂರುತ್ತದೆ. ಕೇಳಿಯೂ ನೋಡಿದೆ.

"ರವಿಕೆ ಹೊಲ್ದು ಮುಗೀಲಿ, ಆಮೇಲೆ ನೋಡನ" ಅಂದಿದ್ದಾಳೆ. ಐದು ರವಿಕೆ ಇವೆ, ಮೊದಲನೆಯದಕ್ಕೆ ಇನ್ನೂ ತೋಳು ಹಚ್ಚಿಲ್ಲ.