ಬಾಲ ನೋಡಿ ಗುರುತಿಸುವ ಬೆಕ್ಕು: ಸ್ಕಾಟ್ಲೆಂಡ್‌ನ ಕೇರ್ನ್‌ಗಾರ್ಮ್ಸ್ ಬೆಟ್ಟಸೀಮೆಯಲ್ಲಿ ಮೂರು ದಿನ

ಎಡಿನ್‌ಬರಾದಿಂದ ಇನ್ವರ್ನೆಸ್‌ಗೆ ಹೋಗುವ ರೈಲು ಪರ್ತ್ ದಾಟಿದ ಮೇಲೆ ಏರು ಹತ್ತತೊಡಗುತ್ತದೆ. ಡ್ರಮಾಕ್ಟರ್ ಕಣಿವೆಯಲ್ಲಿ ಹಳಿ 452 ಮೀಟರ್ ಎತ್ತರದಲ್ಲಿದೆ. ಬ್ರಿಟನ್ನಿನ ಮುಖ್ಯ ರೈಲುಮಾರ್ಗಗಳಲ್ಲಿ ಇದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ. ಸುತ್ತ ಮರವೇ ಇಲ್ಲ. ಹೆದರ್ ಎಂಬ ಕುರುಚಲು ಪೊದೆ ಹೊದ್ದ ಬೋಳುಗುಡ್ಡಗಳು. ಇದನ್ನು ನೋಡಿ ಮನುಷ್ಯರು ಮುಟ್ಟದ ನೆಲ ಎಂದು ಫೋಟೊ ತೆಗೆಯುವವರೇ ಹೆಚ್ಚು. ನಿಜಕ್ಕೂ ಇದು ಕಾಡು ಕಡಿದು, ಕುರಿ ಮತ್ತು ಜಿಂಕೆ ಮೇಯಿಸಿ, ಗ್ರೌಸ್ ಹಕ್ಕಿಯ ಶಿಕಾರಿಗಾಗಿ ಪೊದೆ ಸುಟ್ಟು ಸುಟ್ಟು ಉಳಿಸಿಕೊಂಡ ಬಯಲು. ಸ್ಕಾಟ್ಲೆಂಡಿನ ಕಾಡುಬೆಕ್ಕು ನೆಲೆ ಕಳೆದುಕೊಂಡದ್ದು ಹೀಗೆ.

ಇಳಿಯಬೇಕಾದ ನಿಲ್ದಾಣ ಕಿನ್ಯೂಸಿ. ಬೋರ್ಡಿನಲ್ಲಿ ನಡುವೆ ಒಂದು ‘ಗ’ಕಾರ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಎಡಿನ್‌ಬರಾದಿಂದ ಎರಡೂವರೆ, ಮೂರು ತಾಸು. ಪಕ್ಕದ ನ್ಯೂಟನ್‌ಮೋರ್‌ನಲ್ಲಿ ಎಲ್ಲ ರೈಲೂ ನಿಲ್ಲುವುದಿಲ್ಲ. ಉಳಿಯುವುದು ಅಲ್ಲಾದರೂ ಟಿಕೆಟ್ಟನ್ನು ಕಿನ್ಯೂಸಿಗೇ ಮಾಡಿಸುವುದು ಮೇಲು, ನಡುವೆ ಸುಮಾರು ಐದು ಕಿಲೋಮೀಟರ್ ಅಷ್ಟೆ.

ಮೊದಲ ದಿನ ನ್ಯೂಟನ್‌ಮೋರ್‌ಗೆ ಮೀಸಲು. ಇಲ್ಲಿ ಬೆಕ್ಕು ಊರಿನ ಲಾಂಛನದಂತೆ. ಅಂಗಡಿ ಕಿಟಕಿ, ಹಿತ್ತಿಲು, ಗೋಡೆ ಎಲ್ಲೆಲ್ಲೂ ಬಣ್ಣ ಬಳಿದ ಬೆಕ್ಕಿನ ಬೊಂಬೆಗಳು. ಮಕ್ಕಳು ಎಣಿಸುತ್ತ ಓಡಾಡುತ್ತಾರೆ. ಮ್ಯಾಕ್‌ಫರ್ಸನ್ ಕುಲದ ಮ್ಯೂಸಿಯಮ್ಮಿನಲ್ಲಿ ಕುಲಚಿಹ್ನೆಯ ಬೆಕ್ಕು ಕೂತಿದೆ. ಅದರ ಸುತ್ತಿನ ಹಳೆಯ ಸ್ಕಾಟ್ಸ್ ಮಾತಿನ ಅರ್ಥ: ‘ಕೈಗವಸಿಲ್ಲದೆ ಬೆಕ್ಕನ್ನು ಮುಟ್ಟಬೇಡ’. ಊರ ಸುತ್ತಿನ ‘ವೈಲ್ಡ್‌ಕ್ಯಾಟ್ ಟ್ರೇಲ್’ ಸುಮಾರು 10 ಕಿಲೋಮೀಟರ್. ನಿಧಾನಕ್ಕೆ ನಡೆದರೆ ನಾಲ್ಕೈದು ತಾಸು. ಕಾಲ್ಡರ್ ಹೊಳೆಯ ಪಕ್ಕ ಕಾಲುದಾರಿ ಕೆಸರಾಗುತ್ತದೆ, ಕಣಕಾಲು ಮುಚ್ಚುವ ಬೂಟು ಬೇಕು. ಬೆಕ್ಕು ಕಾಣುತ್ತದೆಂದು ಹೋಗಬೇಡಿ, ನೆಲ ನೋಡಲು ಹೋಗಿ. ಬರ್ಚ್ ತೋಪು, ಮುಳ್ಳಿನ ಗೋರ್ಸ್ ಪೊದೆ, ಮೊಣಕಾಲೆತ್ತರದ ಒರಟು ಹುಲ್ಲು, ಮೊಲದ ಬಿಲ, ಅಲ್ಲಿಂದ ಕೂಗಳತೆಯಲ್ಲಿ ಒಂದು ಹೊಲಮನೆ. ಕಾಡುಬೆಕ್ಕಿಗೆ ಬೇಕಾದದ್ದು ದಟ್ಟಕಾಡಲ್ಲ, ಇಂಥ ಕಾಡಂಚು. ಹಗಲು ಅಡಗಲು ಪೊದೆ, ರಾತ್ರಿ ಮೊಲ ಮತ್ತು ಹೊಲದಿಲಿ. ತೊಡಕು ಇರುವುದೂ ಇಲ್ಲೇ: ಆ ಹೊಲಮನೆಯ ಬೆಕ್ಕು ಇಲಿ ಹಿಡಿಯಲು ಬರುವುದೂ ಇದೇ ಅಂಚಿಗೆ.

ಕನ್ನಡದಲ್ಲಿ ಕಾಡುಬೆಕ್ಕು ಎಂದರೆ ಕಬ್ಬಿನ ಗದ್ದೆ, ಕೆರೆಯಂಚಿನಲ್ಲಿ ಕಾಣುವ ಉದ್ದಗಾಲಿನ, ಗಿಡ್ಡಬಾಲದ ಫೆಲಿಸ್ ಚಾಸ್. ಸ್ಕಾಟ್ಲೆಂಡಿನದು ಫೆಲಿಸ್ ಸಿಲ್ವೆಸ್ಟ್ರಿಸ್, ಯುರೋಪಿನ ಕಾಡುಬೆಕ್ಕು. ಮನೆಬೆಕ್ಕು ಹುಟ್ಟಿದ್ದು ಉತ್ತರ ಆಫ್ರಿಕ, ಪಶ್ಚಿಮ ಏಷ್ಯಾದ ಫೆಲಿಸ್ ಲಿಬಿಕಾದಿಂದ. ಮನೆಬೆಕ್ಕು, ಸ್ಕಾಟ್ಲೆಂಡಿನ ಕಾಡುಬೆಕ್ಕು ಎರಡೂ ಎಷ್ಟು ಹತ್ತಿರದ ನೆಂಟರೆಂದರೆ ಕೂಡಿದರೆ ಮರಿ ಹುಟ್ಟುತ್ತದೆ, ಆ ಮರಿಗೂ ಮರಿ ಹುಟ್ಟುತ್ತದೆ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಈ ಬೆಕ್ಕು 19ನೇ ಶತಮಾನದಲ್ಲೇ ಮುಗಿಯಿತು. ಶಿಕಾರಿ ಎಸ್ಟೇಟುಗಳ ಕಾವಲುಗಾರರಿಗೆ ಅದು ಗ್ರೌಸ್ ಮರಿ ತಿನ್ನುವ ಪೀಡೆ. ಮೊದಲ ಮಹಾಯುದ್ಧಕ್ಕೆ ಕಾವಲುಗಾರರು ಹೊರಟುಹೋದಾಗ ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನಲ್ಲಿ ಉಳಿದಿದ್ದವಕ್ಕೆ ಉಸಿರಾಡಲು ಬಿಡುವಾಯಿತು. 1919ರ ನಂತರ ಸರ್ಕಾರ ನೆಡಿಸಿದ, ಸೂಜಿಯೆಲೆಯ ಕೋನಿಫರ್ ಮರಗಳ ತೋಪುಗಳು ಆಸರೆಯೂ ಆದವು. ಬೆಕ್ಕು ಮತ್ತೆ ಹರಡಿತು. ಆದರೆ ವಿರಳವಾಗಿ ಹರಡಿದ ಗಂಡಿಗೆ ತನ್ನ ಜಾತಿಯ ಹೆಣ್ಣು ಸಿಗುವುದಕ್ಕಿಂತ ಹೊಲಮನೆಯ ಹೆಣ್ಣು ಸಿಗುವುದೇ ಸುಲಭ. 2023ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನಗಳು ಅಚ್ಚರಿಯ ಸಂಗತಿ ಹೇಳಿದವು: ಸುಮಾರು 2000 ವರ್ಷ ಎರಡೂ ಬೆಕ್ಕುಗಳು ಒಂದೇ ದ್ವೀಪದಲ್ಲಿದ್ದರೂ ಹೆಚ್ಚುಕಡಿಮೆ ಬೆರೆತಿರಲಿಲ್ಲ, ಬೆರಕೆ ಜೋರಾದದ್ದು ಕಳೆದ 70 ವರ್ಷಗಳಲ್ಲಿ. 1988ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು, ಆದರೆ ಕಾನೂನು ತಡೆದದ್ದು ಕೋವಿಯನ್ನು. ಬೆರಕೆಯನ್ನು ತಡೆಯಲು ಅದಕ್ಕೆ ಕೈ ಇರಲಿಲ್ಲ.

ಎರಡನೇ ದಿನ ಕಿನ್‌ಕ್ರೇಗ್ ಹತ್ತಿರದ ಹೈಲ್ಯಾಂಡ್ ವೈಲ್ಡ್‌ಲೈಫ್ ಪಾರ್ಕ್. ಇಲ್ಲಿಗೆ ರೈಲಿಲ್ಲ, ಕಿನ್ಯೂಸಿ ಅಥವಾ ಎವಿಮೋರ್‌ನಿಂದ ಟ್ಯಾಕ್ಸಿ ಮಾಡಬೇಕು. ಜನ ಹಿಮಕರಡಿಯತ್ತ ನುಗ್ಗುತ್ತಾರೆ, ಕಾಡುಬೆಕ್ಕಿನ ಜಾಲರಿ ಮುಂದೆ ಎರಡು ನಿಮಿಷ ನಿಂತು ‘ನಮ್ಮನೆ ಬೆಕ್ಕಿನ ಹಾಗೇ ಇದೆ’ ಎಂದು ಮುಂದೆ ಹೋಗುತ್ತಾರೆ. ಅರ್ಧ ಗಂಟೆಯಾದರೂ ನಿಲ್ಲಬೇಕು, ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ನೋಡಬೇಕಾದದ್ದು ಮುಖವಲ್ಲ, ಹಿಂಬದಿ.

ಬೆನ್ನ ಮೇಲೆ ಒಂದು ಕಪ್ಪು ಗೆರೆ ಹಿಂದಕ್ಕೆ ಓಡುತ್ತದೆ. ಕಾಡುಬೆಕ್ಕಿನಲ್ಲಿ ಅದು ಬಾಲದ ಬುಡಕ್ಕೆ ಬಂದು ನಿಂತುಬಿಡುತ್ತದೆ. ಪಟ್ಟೆಯ ಮನೆಬೆಕ್ಕಿನಲ್ಲಿ ಬಾಲದ ಮೇಲೂ ಮುಂದುವರಿದು ಉಂಗುರಗಳನ್ನು ಒಂದಕ್ಕೊಂದು ಪೋಣಿಸಿದಂತೆ ಕೂಡಿಸುತ್ತದೆ. ಕಾಡುಬೆಕ್ಕಿನ ಬಾಲದುಂಗುರಗಳು ದಪ್ಪ, ಬಿಡಿಬಿಡಿ, ಬಳೆ ತೊಡಿಸಿದ ಹಾಗೆ. ತುದಿ ಕಡುಕಪ್ಪು, ಒನಕೆಯಂತೆ ಮೊಂಡು. ಮನೆಬೆಕ್ಕಿನದು ಮೂಲಂಗಿಯಂತೆ ಮೊನೆಯಾಗುತ್ತದೆ. ಉಳಿದ ಗುರುತುಗಳು: ಕತ್ತಿನ ಹಿಂದೆ ನಾಲ್ಕು ದಪ್ಪ ಗೆರೆ, ಭುಜದ ಮೇಲೆ ಎರಡು, ಪಕ್ಕೆಯ ಪಟ್ಟೆ ಹೆಚ್ಚು ತುಂಡಾಗಿರಬಾರದು, ಚುಕ್ಕೆ ಇರಬಾರದು. ಹೀಗೆ ಏಳು ಲಕ್ಷಣಗಳಿಗೆ ತಲಾ 1ರಿಂದ 3 ಅಂಕ. ಒಟ್ಟು 21ರಲ್ಲಿ 19 ಅಥವಾ ಹೆಚ್ಚು ಬಂದರೆ ಕಾಡುಬೆಕ್ಕು ಎಂದು ಲೆಕ್ಕ. ಎಡವುವುದು ಎಲ್ಲೆಂದರೆ, ಚಳಿಗಾಲದಲ್ಲಿ ಕೂದಲು ಸೊಂಪಾಗಿ ಬೆಳೆದು ಗೆರೆಗಳು ಮಸುಕಾಗುತ್ತವೆ, ಮನೆಬೆಕ್ಕಿನ ಬಾಲವೂ ದಪ್ಪ ಕಾಣುತ್ತದೆ. ರಾತ್ರಿ ಕ್ಯಾಮೆರಾ ಟ್ರ್ಯಾಪಿನ ಇನ್‌ಫ್ರಾರೆಡ್ ಬೆಳಕಿನಲ್ಲಿ ಬಣ್ಣವೇ ಇರುವುದಿಲ್ಲ. ಇಪ್ಪತ್ತು ಅಂಕ ತೆಗೆದ ಬೆಕ್ಕಿನ ರಕ್ತದಲ್ಲೂ ಬೆರಕೆ ಇರಬಹುದು. ಅದಕ್ಕೇ ಡಿಎನ್‌ಎ ಪರೀಕ್ಷೆ ಬೇಕೇ ಬೇಕು. ಲೈಟ್ ಹಿಡಿದು ರಾತ್ರಿ ಶಿಕಾರಿ ಮಾಡುವ ಕಾವಲುಗಾರನಿಗೆ ಕಾಣುವುದು ಹೊಳೆಯುವ ಎರಡು ಕಣ್ಣು ಮಾತ್ರ. ಮಲೆನಾಡಿನಲ್ಲಿ ತಲೆಬ್ಯಾಟರಿ ಕಟ್ಟಿ ಹೊರಟವರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಪಾರ್ಕಿನ ಇನ್ನೊಂದು ಬದಿಯಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲದ ಸಾಕಣೆ ಕೇಂದ್ರವಿದೆ. ಒಳಗೆ ಬಿಡಿಸಿಕೊಳ್ಳಲು ಯಾರನ್ನೂ ಕಾಡಬೇಡಿ, ಆ ಬಾಗಿಲು ಮುಚ್ಚಿರುವುದೇ ಸರಿ. 2019ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನ ಬೆಕ್ಕು ತಜ್ಞರ ತಂಡ, ಕಾಡಿನಲ್ಲಿ ಉಳಿದಿರುವವು ಸ್ವಂತ ಬಲದಿಂದ ಇನ್ನು ಬದುಕಿ ಉಳಿಯಲಾರವು ಎಂದು ಹೇಳಿತು. ಆಮೇಲೆ ಸ್ಕಾಟ್ಲೆಂಡಿನ ರಾಯಲ್ ಜೂವಲಾಜಿಕಲ್ ಸೊಸೈಟಿ ಮುಂದಾಳತ್ವದಲ್ಲಿ ‘ಸೇವಿಂಗ್ ವೈಲ್ಡ್‌ಕ್ಯಾಟ್ಸ್’ ಯೋಜನೆ ಬಂತು. ಮೃಗಾಲಯಗಳಲ್ಲಿದ್ದ ಬೆಕ್ಕುಗಳಲ್ಲಿ ಬೆರಕೆ ಕಡಿಮೆ ಇದ್ದದ್ದೇ ಇದಕ್ಕೆ ಬಂಡವಾಳ. ಹೆಣ್ಣು ಜನವರಿಯಿಂದ ಮಾರ್ಚ್‌ವರೆಗೆ ಬೆದೆಗೆ ಬಂದು, ಒಂಬತ್ತು ವಾರ ಚಿಲ್ಲರೆ ಹೊತ್ತು, ಸಾಮಾನ್ಯವಾಗಿ ಮೂರೋ ನಾಲ್ಕೋ ಮರಿ ಹಾಕುತ್ತದೆ. ಮರಿಗಳಿಗೆ ಮನುಷ್ಯರ ಸಹವಾಸ ಆದಷ್ಟು ಕಡಿಮೆ. ನಿಗಾ ಎಲ್ಲ ಕ್ಯಾಮೆರಾದಲ್ಲಿ. ಮನುಷ್ಯರೆಂದರೆ ಊಟ ಎಂದು ಕಲಿತ ಬೆಕ್ಕು ಕಾಡಿಗೆ ಹೋಗದೆ ಹೊಲಮನೆಗೆ ಬರುತ್ತದೆ. ಮರಿ ವರ್ಷದ್ದಾದ ಮೇಲೆ ಆರೋಗ್ಯ ತಪಾಸಣೆ ಮಾಡಿ, ಜಿಪಿಎಸ್ ಕಾಲರ್ ಕಟ್ಟಿ, ಬೇಟೆ ಹೇರಳವಾಗಿರುವ ಬೇಸಿಗೆಯಲ್ಲಿ ಬಿಡುತ್ತಾರೆ. 2023ರಲ್ಲಿ 19 ಬೆಕ್ಕು ಬಿಟ್ಟರು, 2024ರಲ್ಲಿ ಇನ್ನೂ 9. ಆ 2024ರಲ್ಲೇ, ಬಿಟ್ಟ ಹೆಣ್ಣುಗಳು ಕಾಡಿನಲ್ಲಿ ಮರಿ ಹಾಕಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು.

ಸುದ್ದಿಯಾಗುವುದು ಬಿಡುಗಡೆ. ಆದರೆ ಬೆಕ್ಕಿನ ಹಣೆಬರಹ ನಿರ್ಧಾರವಾಗುವುದು ಸುತ್ತಲಿನ ಹಟ್ಟಿ, ಕೊಟ್ಟಿಗೆಗಳಲ್ಲಿ. ಅಲ್ಲಿನ ಬಿಡಾಡಿ ಬೆಕ್ಕುಗಳನ್ನು ಬೋನಿಟ್ಟು ಹಿಡಿಯಬೇಕು, ಸಂತಾನಹರಣ ಮಾಡಿಸಬೇಕು, ಲಸಿಕೆ ಹಾಕಿಸಬೇಕು, ಹಿಡಿದ ಜಾಗದಲ್ಲೇ ಬಿಡಬೇಕು. ಲಸಿಕೆ ಏಕೆಂದರೆ ಬೆಕ್ಕಿನ ಲ್ಯುಕೀಮಿಯಾ ವೈರಸ್‌ನಂಥ ರೋಗಗಳು ಮನೆಬೆಕ್ಕಿನಿಂದ ಕಾಡಿಗೆ ದಾಟುತ್ತವೆ. ಅಲ್ಲೇ ಬಿಡುವುದು ಏಕೆಂದರೆ, ಖಾಲಿ ಬಿಟ್ಟ ಜಾಗಕ್ಕೆ ಮತ್ತೊಂದು ಬೆಕ್ಕು ಬಂದು ಸೇರುತ್ತದೆ. ಹತ್ತರಲ್ಲಿ ಎಂಟಕ್ಕೆ ಮಾಡಿಸಿ ಕೈತೊಳೆದುಕೊಂಡರೆ ಉಳಿದ ಎರಡು ಬೆಕ್ಕುಗಳೇ ಕೆಲವು ವರ್ಷದಲ್ಲಿ ಹಟ್ಟಿ ತುಂಬಿಸುತ್ತವೆ.

ಮೂರನೇ ದಿನ ಗ್ಲೆನ್ ಫೆಶಿ. ಟಾರು ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಆಕ್ಲೀನ್ ಕಾರ್ ಪಾರ್ಕ್, ಅಲ್ಲಿಂದ ಕಾಲ್ನಡಿಗೆ. ಕಾಡನ್ನು ಮರಳಿ ಬೆಳೆಸುವ ‘ಕೇರ್ನ್‌ಗಾರ್ಮ್ಸ್ ಕನೆಕ್ಟ್’ ಯೋಜನೆಯ ಸುಮಾರು 600 ಚದರ ಕಿಲೋಮೀಟರ್ ಪ್ರದೇಶದ ಒಂದು ಕಣಿವೆ ಇದು. ಜಿಂಕೆಗಳ ಸಂಖ್ಯೆ ಇಳಿಸಿದ ಮೇಲೆ ಎಳೆಯ ಸ್ಕಾಟ್ಸ್ ಪೈನ್ ಸಸಿಗಳು ತಾವಾಗಿಯೇ ಎದ್ದಿರುವುದು ಕಾಲುದಾರಿಯ ಎರಡೂ ಬದಿ ಕಾಣುತ್ತದೆ. ಡ್ರಮಾಕ್ಟರ್‌ನ ಬೋಳು ಕಣ್ಣಲ್ಲಿ ಇನ್ನೂ ಇದ್ದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಬೆಕ್ಕು ಬಿಟ್ಟ ನಿಖರ ಜಾಗ ಯಾರೂ ಹೇಳುವುದಿಲ್ಲ, ಕೇಳಲೂಬಾರದು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಗಾಳಿ ನಿಂತ ಸಂಜೆ ‘ಮಿಜ್’ ಎಂಬ ನುಸಿ ಮೋಡದಂತೆ ಮುತ್ತುತ್ತದೆ, ತಲೆಗೆ ಬಲೆ ಹಾಕಿಕೊಳ್ಳಬೇಕು. ಜರಿಗಿಡದಲ್ಲಿ ನಡೆದರೆ ಉಣುಗು ಹತ್ತುತ್ತದೆ, ಲೈಮ್ ರೋಗ ತರುತ್ತದೆ. ಕಾಲುಚೀಲದೊಳಕ್ಕೆ ಪ್ಯಾಂಟು ತುರುಕಿ, ರಾತ್ರಿ ಮಂಡಿಸಂದು ನೋಡಿಕೊಳ್ಳುವ ಮಲೆನಾಡಿನ ಅಭ್ಯಾಸ ಇಲ್ಲೂ ನಡೆಯುತ್ತದೆ. ನಾಯಿ ಇದ್ದರೆ ಹಗ್ಗದಲ್ಲೇ ಇರಲಿ. ಪೊದೆಯಲ್ಲಿ ಮರಿಯೊಂದು ಒಂಟಿಯಾಗಿ ಕಂಡರೆ ಎತ್ತಿಕೊಳ್ಳಬೇಡಿ, ತಾಯಿ ಬೇಟೆಗೆ ಹೋಗಿರುತ್ತದೆ.

ವಾಪಸು ಕಾರಿನಲ್ಲಾದರೆ ಎ9 ಹೆದ್ದಾರಿಯಲ್ಲಿ ಮುಸ್ಸಂಜೆ ವೇಗ ತಗ್ಗಿಸಿ. ಬೆಕ್ಕು ಅಡ್ಡ ಬಂದರೆ ಅಥವಾ ಸತ್ತು ಬಿದ್ದಿದ್ದರೆ, ಸುರಕ್ಷಿತವಾಗಿ ಕಾರು ನಿಲ್ಲಿಸಿದ ಮೇಲೆ ಜಾಗ, ದಿನ, ಸಮಯ ಬರೆದುಕೊಂಡು ಸೇವಿಂಗ್ ವೈಲ್ಡ್‌ಕ್ಯಾಟ್ಸ್‌ಗೆ ತಿಳಿಸಬಹುದು. ಫೇಸ್‌ಬುಕ್ಕಿಗೆ ಜಾಗದ ಹೆಸರು ಹಾಕಬೇಡಿ. ಫೋಟೊ ಒಂದೇ ತೆಗೆಯಲು ಆಗುವುದಾದರೆ ಬಾಲದ್ದು ತೆಗೆಯಿರಿ.