‘ಕಣ್ಣು’ ಅಂದರೆ ಕಣ್ಣು ಮುಚ್ಚುತ್ತದೆ

ನಮ್ಮ ಐದನೇ ಇಯತ್ತೆಯ ಮಂಜು ಬಹಳ ದಿನ ನಾನು ಅವನಿಗೆ ಕಣ್ಣು ಹೊಡೆಯುತ್ತೇನೆ ಅಂತಲೇ ತಿಳಿದಿದ್ದ. ಹಾಜರಿ ಕರೆಯುವಾಗ ‘ಮಂಜು’ ಅಂದ ಕೂಡಲೇ ನನ್ನ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಅವನೂ ಒಂದು ಕಣ್ಣು ಮುಚ್ಚಿ ‘ಎಸ್ ಅಕ್ಕೋರ’ ಅನ್ನುತ್ತಿದ್ದ. ಕಾರಣ ಹೇಳಿದ ಮೇಲೂ ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದಿದೆ, ಎಡಗಣ್ಣು ಏನು ಮಾಡಿದರೂ ಮುಚ್ಚಲೊಲ್ಲದು. ಪಕ್ಕದ ಮನೆಯವರು ‘ಲಕ್ವಾ ಹೊಡದೈತಿ’ ಅಂದರು. ನಮ್ಮತ್ತೆಯವರದು ಬೇರೆ ತೀರ್ಪು: ‘ಬಸ್ಸಿನ ಕಿಟಕಿ ಗಾಳಿ ಬಡದೈತಿ ನಿನಗ. ಕಿವಿಗೆ ಅರಿವಿ ಕಟ್ಕೊ ಅಂದ್ರ ಕೇಳಲಿಲ್ಲ.’ ದೃಷ್ಟಿ ತೆಗೆದರು, ಎಣ್ಣೆ ತಿಕ್ಕಿದರು. ಹುಬ್ಬಳ್ಳಿಯ ನರರೋಗ ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಐದು ದಿನ ಕಳೆದಿತ್ತು. ಬೆಲ್ಸ್ ಪಾಲ್ಸಿ ಅಂದರು. ಮುಖದ ನರ ಕಿವಿಯ ಹಿಂದೆ ಎಲುಬಿನ ಇಕ್ಕಟ್ಟಾದ ಕೊಳವೆಯೊಳಗಿಂದ ಬರುತ್ತದಂತೆ, ಅಲ್ಲೇ ಬಾತು ಹಿಸುಕಿಕೊಳ್ಳುತ್ತದಂತೆ. ಸ್ಟೀರಾಯ್ಡ್ ಮಾತ್ರೆ 72 ತಾಸಿನೊಳಗೆ ಶುರುವಾದರೆ ಒಳ್ಳೆಯದಿತ್ತು ಅಂತ ಬೈಯುತ್ತಲೇ ಬರೆದುಕೊಟ್ಟರು.

ಹತ್ತರಲ್ಲಿ ಏಳು ಮಂದಿಗೆ ತಾನಾಗಿಯೇ ಪೂರ್ತಿ ವಾಸಿಯಾಗುವ ಕಾಯಿಲೆ ಇದು. ನಾನು ಉಳಿದ ಮೂವರಲ್ಲಿ ಬಿದ್ದೆ. ಕನ್ನಡ ಕಲಿಸುವವಳಿಗೆ ಪ, ಫ, ಬ, ಭ, ಮ ಬಾರದ ತಿಂಗಳುಗಳು ಹೇಗಿದ್ದವು ಅಂತ ವಿವರಿಸುವುದಿಲ್ಲ. ನಾಲ್ಕನೇ ತಿಂಗಳಿಗೆ ತುಟಿ ಅಲುಗಿತು, ಮನೆಯಲ್ಲಿ ಹೋಳಿಗೆ ಮಾಡಿದರು. ಆಮೇಲೆ ಗೊತ್ತಾಯಿತು, ನರದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪಿವೆ ಅಂತ. ತುಟಿಗೆ ಹೋಗಬೇಕಾದ ಕೆಲವು ಕಣ್ಣಿನ ಸ್ನಾಯುವಿಗೆ ಹೋಗಿ ಸೇರಿಕೊಂಡಿವೆ. ಹಾಗಾಗಿ ತುಟಿ ದುಂಡಗೆ ಮಾಡಿದರೆ ಕಣ್ಣು ಮುಚ್ಚುತ್ತದೆ.

ಈ ತೊಂದರೆಗೆ ನಮ್ಮ ಭಾಷೆಯಷ್ಟು ಕೆಟ್ಟ ಭಾಷೆ ಇನ್ನೊಂದಿರಲಾರದು. ಹಾಲು, ಕಾಲು, ಬಾಗಿಲು, ಬೆರಳು, ನಾನು, ನೀನು! ಇಂಗ್ಲಿಷಿನಿಂದ ಬಂದ ಬಸ್ಸು, ಕಾರುಗಳಿಗೂ ನಾವು ಉಕಾರ ಅಂಟಿಸದೆ ಬಿಟ್ಟಿಲ್ಲ. ಪಂಪನ ಕಾಲದಲ್ಲಿ ಹುಟ್ಟಿದ್ದರೆ ‘ಕಣ್’, ‘ಕಾಲ್’ ಅಂದು ಪಾರಾಗುತ್ತಿದ್ದೆ. ಈಗ ‘ಕಣ್ಣು’ ಅಂದರೆ ಕಣ್ಣೇ ಮುಚ್ಚುತ್ತದೆ.

ನಡುವೆ ಒಂದು ಕಡೆ ಕೆನ್ನೆಗೆ ಕರೆಂಟು ಕೊಡಿಸಿಕೊಂಡೆ. ಕೆನ್ನೆ ಇನ್ನಷ್ಟು ಬಿಗಿಯಿತು, ವೈದ್ಯರು ಕೇಳಿ ತಲೆ ಚಚ್ಚಿಕೊಂಡರು. ಆಮೇಲೆ ಸಹೋದ್ಯೋಗಿಯೊಬ್ಬರು ಹೇಳಿದ್ದು ಚೀನಾದ ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್.

ಮೆಡಿಕಲ್ ಶಾಪಿನ ಮೇಲಿನ ಮಹಡಿ. ಗೋಡೆಯ ಮೇಲೆ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸರ ಫೋಟೋ. ಯುದ್ಧದಲ್ಲಿ ಗಾಯಗೊಂಡವರ ಆರೈಕೆಗೆ ಭಾರತದಿಂದ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಅವರು ಅಲ್ಲೇ 1942ರಲ್ಲಿ ತೀರಿಕೊಂಡರು. ಈ ವಿದ್ಯೆಯನ್ನು ಅಲ್ಲಿಂದ ಕಲಿತು ಬಂದವರು ಅದೇ ತಂಡದ ಡಾಕ್ಟರ್ ಬಸು. ಫೋಟೋ ಮಾತ್ರ ಕೋಟ್ನಿಸರದು. ಸೂಜಿಯವರು ಮೊದಲ ದಿನವೇ ಹೇಳಿಬಿಟ್ಟರು: ‘ತಪ್ಪಿ ಬೆಳದ ನರಾ ನಾ ತಿರುಗಿ ಹಚ್ಚೂದಿಲ್ರಿ. ಬಿಗಿ ಸಡಲ ಮಾಡ್ತೀನಿ, ಅಷ್ಟ.’ ಅದಕ್ಕೇ ನಂಬಿಕೆ ಹುಟ್ಟಿತು.

ಕೂದಲಿಗಿಂತ ಸ್ವಲ್ಪ ದಪ್ಪದ ಸೂಜಿ. ಹುಬ್ಬಿನ ಮೇಲೊಂದು, ಬಾಯಿಯ ಅಂಚಿಗೊಂದು, ದವಡೆಗೊಂದು, ಕಿವಿಯ ಹಾಲೆಯ ಹಿಂದೊಂದು. ಮುಖದಲ್ಲಿ ಇರುವೆ ಕಚ್ಚಿದಷ್ಟೂ ನೋವಿಲ್ಲ. ನೋವಾಗಿದ್ದು ಕೈಗೆ! ಹೆಬ್ಬೆರಳು, ತೋರುಬೆರಳಿನ ನಡುವೆ ‘ಹೆಗು’ ಅನ್ನುವ ಜಾಗವಿದೆ, ಮುಖದ ಯಾವ ತೊಂದರೆಗೂ ಚೀನಾದವರು ಅದನ್ನು ಬಿಡುವುದಿಲ್ಲವಂತೆ. ಅಲ್ಲಿ ಚುಚ್ಚಿ ತಿರುವಿದರೆ ಮೊಣಕೈವರೆಗೂ ಜೋಮು ಹಿಡಿದ ಭಾರ. ಇಪ್ಪತ್ತೈದು ನಿಮಿಷ ಹಾಗೇ ಮಲಗಬೇಕು. ನಾನು ಮನಸ್ಸಿನಲ್ಲೇ ಕಾಗುಣಿತ ಹೇಳಿಕೊಳ್ಳುತ್ತೇನೆ.

ಹದಿನಾರು ಸಲ ಆಯಿತು. ಸಂಜೆಯಾದರೆ ಕೆನ್ನೆಯೊಳಗೆ ಹಗ್ಗ ಬಿಗಿದ ಹಾಗಾಗುತ್ತಿದ್ದದ್ದು ಸೂಜಿಯಾದ ಎರಡು ದಿನ ಇರುವುದಿಲ್ಲ. ಮೂರನೇ ದಿನ ಮೆಲ್ಲಗೆ ಮರಳುತ್ತದೆ, ಆದರೆ ಮೊದಲಿನಷ್ಟು ಜೋರಿಲ್ಲ. ಕಣ್ಣು ಮುಚ್ಚುವುದು ಸೂಜಿಗೆ ಜಗ್ಗಿಲ್ಲ. ಅದು ಅಷ್ಟಿಷ್ಟು ಕಡಿಮೆಯಾಗಿದ್ದರೆ ಫಿಜಿಯೋಥೆರಪಿಯ ಹುಡುಗಿ ಹೇಳಿಕೊಟ್ಟ ಕನ್ನಡಿ ಅಭ್ಯಾಸದಿಂದ: ತುಟಿಯನ್ನು ಸಣ್ಣಗೆ, ಸಾವಕಾಶ ದುಂಡಗೆ ಮಾಡುತ್ತ, ಕಣ್ಣು ಬಿಟ್ಟೇ ‘ಉ’ ಅನ್ನಬೇಕು. ಕೆನ್ನೆ ಸಡಿಲವಾದ ದಿನ ಅದೂ ಸಲೀಸು. ವೈದ್ಯರು ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಅನ್ನುತ್ತಿದ್ದಾರೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಮತ್ತೆ ಚುಚ್ಚಿಸಿಕೊಳ್ಳಬೇಕು, ಶಾಲೆಯ ಸಂಬಳಕ್ಕೆ ಒಗ್ಗದ ಮಾತು.

ಕೊರಿಯಾದಲ್ಲಿ ನನ್ನಂಥವರ ಮೇಲೆ ಅಧ್ಯಯನವೊಂದು ನಡೆದಿದೆ. 2015ರಲ್ಲಿ ಪ್ರಕಟವಾಯಿತು, 39 ಮಂದಿ, ಎಂಟು ವಾರ. ಸೂಜಿ ಹಾಕಿಸಿಕೊಂಡವರು ಸುಧಾರಿಸಿದರು, ನಿಜ. ಆದರೆ ಹೋಲಿಸಿದ್ದು ಸುಮ್ಮನೆ ಸರದಿ ಕಾಯುತ್ತಿದ್ದವರ ಜೊತೆ. ಟ್ಯೂಷನ್ನಿಗೆ ಹೋದ ಹುಡುಗನ ಅಂಕವನ್ನು ಮನೆಯಲ್ಲೇ ಕೂತವನ ಅಂಕದ ಪಕ್ಕ ಇಟ್ಟ ಹಾಗೆ. ಮನೆಯಲ್ಲಿ ಇದನ್ನು ಹೇಳಿದರೆ ‘ಹಂಗಾದ್ರ ಯಾಕ ಹೋಗ್ತಿ?’ ಅನ್ನುತ್ತಾರೆ ನಮ್ಮವರು. ಆ ಎರಡು ದಿನಕ್ಕೆ ಹೋಗುತ್ತೇನೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸು ಹಿಡಿಯಬೇಕು. ಗಾಳಿಗೂ ಇದಕ್ಕೂ ಸಂಬಂಧವಿಲ್ಲ ಅಂತ ವೈದ್ಯರು ಎರಡು ಸಲ ಹೇಳಿದ್ದಾರೆ. ಕಿಟಕಿ ಪಕ್ಕ ಮಾತ್ರ ನಾನು ಕೂರುವುದಿಲ್ಲ.